ನೆತ್ತರ ಮೇಲೆ ಗೂಬೆ ಕೂರಿಸುವವರಿಗೆ

ಬಿಸಿಲಲ್ಲಿ ದುಡಿಯುವವನು ಕುಸಿದು ಬಿದ್ದು ಸತ್ತರೆ ನಮ್ಮಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: ‘ಅವನಿಗೆ ಒಳಗೇ ಏನೋ ಇತ್ತು ಬಿಡಿ.’ ಕಂಟ್ರಾಕ್ಟರು ಹೇಳುತ್ತಾನೆ, ಮೇಸ್ತ್ರಿ ತಲೆಯಾಡಿಸುತ್ತಾನೆ, ಪಂಚನಾಮೆಗೆ ಬಂದವನು ಬರೆದುಕೊಳ್ಳುತ್ತಾನೆ. ಸತ್ತವನ ಒಳಗೆ ಏನಿತ್ತು ಎಂದು ಹುಡುಕಲು ಇಷ್ಟೊಂದು ಜನ. ಅವನ ಹೊರಗೆ ಏನಿತ್ತು ಎಂದು ಕೇಳುವವರು ಒಬ್ಬರೂ ಇಲ್ಲ. ಹೊರಗೆ ಬಿಸಿಲಿತ್ತು. ನೀರಿರಲಿಲ್ಲ. ನೆರಳಿರಲಿಲ್ಲ. ಎರಡು ನಿಮಿಷ ಕೂತರೆ ಕೂಲಿ ಮುರಿಯುವ ಕಣ್ಣೊಂದು ಕಾಯುತ್ತಿತ್ತು. ಇವು ಯಾವುವೂ ಆ ಕಾಗದದ ಮೇಲೆ ಬರುವುದಿಲ್ಲ.

ನೆತ್ತರನ್ನು ದೂರುವುದು ಈ ದೇಶಕ್ಕೆ ಹೊಸದೇನಲ್ಲ. ಒಬ್ಬನ ರಕ್ತ ಶುದ್ಧ, ಇನ್ನೊಬ್ಬನದು ಅಶುದ್ಧ ಅಂತ ಹೇಳಿಕೊಂಡೇ ತಲೆತಲಾಂತರದಿಂದ ಕೂತು ಉಂಡವರಿದ್ದಾರೆ. ಈಗ ಶುದ್ಧ ಅಶುದ್ಧ ಅನ್ನಲು ಸ್ವಲ್ಪ ನಾಚಿಕೆ. ಅದಕ್ಕೇ ವೈದ್ಯರ ಭಾಷೆಯಲ್ಲಿ ಅದೇ ಮಾತು ಬರುತ್ತಿದೆ. ‘ಇವರ ರಕ್ತದಲ್ಲೇ ಬಲ ಇಲ್ಲ’, ‘ಇವರ ಕಣದಲ್ಲೇ ದೋಷ’. ಆಗಲಿ ಸ್ವಾಮಿ, ರಕ್ತದ ಮಾತು ನೀವೇ ಎತ್ತಿದಿರಿ. ಸೂಕ್ಷ್ಮದರ್ಶಕದ ಕೆಳಗೆ ಅದೇ ರಕ್ತವನ್ನು ಇಟ್ಟು ನೋಡೋಣ. ಕಾವಿಗೆ, ಬಾಯಾರಿಕೆಗೆ, ದುಡಿಮೆಗೆ ಅದು ಏನಾಗುತ್ತದೆ ಎಂದು ಅದನ್ನೇ ಕೇಳೋಣ. ಅದು ಯಾರ ಮೇಲೆ ಸಾಕ್ಷಿ ಹೇಳುತ್ತದೆಯೋ ಆಮೇಲೆ ಗೊತ್ತಾಗುತ್ತದೆ.

ಕೆಂಪು ರಕ್ತಕಣ ಅಂದರೆ ಎರಡೂ ಕಡೆ ನಡುವೆ ಅಮುಕಿದ ಒಂದು ಬಿಲ್ಲೆ. ಉದ್ದಿನ ವಡೆ ತಟ್ಟುವಾಗ ನಡುವೆ ಬೆರಳೊತ್ತಿ, ತೂತು ಬೀಳುವ ಮುಂಚೆಯೇ ಬೆರಳು ತೆಗೆದರೆ ಹೇಗಿರುತ್ತದೋ ಹಾಗೆ. ಅದರ ಅಡ್ಡಗಲ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ 7-8 ಪಾಲು. ಹೊಟ್ಟೆ ತುಂಬ ಹಿಮೋಗ್ಲೋಬಿನ್. ಅದರ ಚರ್ಮದ ಒಳಮೈಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ. ಈ ಬಲೆ ಇರುವುದರಿಂದಲೇ ಕಣ ಬಾಗುತ್ತದೆ, ಮಡಚಿಕೊಳ್ಳುತ್ತದೆ, ತನಗಿಂತ ಸಪೂರವಾದ ನರಳಿನಂಥ ರಕ್ತನಾಳದಲ್ಲಿ ನುಸುಳಿ ಆಚೆ ಬಂದು ಮತ್ತೆ ಬಿಲ್ಲೆಯಾಗುತ್ತದೆ. ಹೀಗೆ ಸುಮಾರು 120 ದಿನ ಆಮ್ಲಜನಕ ಹೊರುತ್ತದೆ, ಸಾಯುತ್ತದೆ. ಮೈತುಂಬ ಹೊರೆ ಹೊತ್ತು, ಬಗ್ಗಿ, ಇಕ್ಕಟ್ಟಿನಲ್ಲಿ ನುಗ್ಗಿ ಊರಿಗೆಲ್ಲ ಉಸಿರು ಮುಟ್ಟಿಸುವ ಕೂಲಿ ಅದು. ಮಠದ ಸ್ವಾಮಿಗಳ ಮೈಯಲ್ಲೂ ಇದೇ ಬಿಲ್ಲೆ, ಮಲದ ಗುಂಡಿಗೆ ಇಳಿಯುವವನ ಮೈಯಲ್ಲೂ ಇದೇ ಬಿಲ್ಲೆ. ಜನಿವಾರ ಹಾಕಿಕೊಂಡ ಕಣವನ್ನು ಇದುವರೆಗೆ ಯಾವ ಲ್ಯಾಬೊರೇಟರಿಯೂ ಕಂಡಿಲ್ಲ.

ಈ ಕಣಕ್ಕೆ ಕಾವು ಕೊಟ್ಟರೆ ಏನಾಗುತ್ತದೆ? 1865ರಲ್ಲೇ ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದ ಕೆಳಗೆ ಬಿಸಿ ಮಾಡುವ ತಟ್ಟೆ ಇಟ್ಟು ಇದನ್ನು ನೋಡಿದ. 50 ಡಿಗ್ರಿ ದಾಟುತ್ತಿದ್ದಂತೆ ಬಿಲ್ಲೆಯ ಅಂಚಿನಲ್ಲಿ ಗುಳ್ಳೆ ಎದ್ದು, ಮೊಗ್ಗಿನ ಹಾಗೆ ಕಳಚಿಕೊಂಡು, ಕಣ ಚೂರು ಚೂರಾಯಿತು. ಕಾರಣ ಈಗ ಗೊತ್ತಿದೆ. ಸುಮಾರು 49-50 ಡಿಗ್ರಿಗೆ ಸ್ಪೆಕ್ಟ್ರಿನ್ ಬಲೆ ಸಡಿಲಗೊಂಡು ಬಿಡುತ್ತದೆ, ಬಿಲ್ಲೆ ಬಿಲ್ಲೆಯಾಗಿ ಉಳಿಯಲಾರದೆ ಸಣ್ಣ ಸಣ್ಣ ಗುಂಡುಗಳಾಗುತ್ತದೆ. ಮೈತುಂಬ ಸುಟ್ಟುಕೊಂಡವರ ರಕ್ತದಲ್ಲಿ ಈ ಗುಂಡುಗಳನ್ನು, ಚೂರುಗಳನ್ನು ವೈದ್ಯರು ಕಾಣುತ್ತಾರೆ. ಆದರೆ ಬಿಸಿಲಲ್ಲಿ ದುಡಿಯುವವನ ಮೈಯೊಳಗಿನ ಕಾವು ಅಷ್ಟಕ್ಕೆ ಏರುವುದಿಲ್ಲ. 40 ಡಿಗ್ರಿ ದಾಟಿ ಬುದ್ಧಿ ತಪ್ಪಿದರೆ ಅದೇ ಬಿಸಿಲಾಘಾತ. 42ರ ಹೊತ್ತಿಗೆ ಪ್ರಾಣವೇ ಬಾಗಿಲಲ್ಲಿ ನಿಂತಿರುತ್ತದೆ. ಅಂದರೆ ಬರೀ ಕಾವಿಗೇ ರಕ್ತಕಣ ಒಡೆದುಹೋಗುವಷ್ಟು ದುರ್ಬಲವಲ್ಲ. ಕೂಲಿಯವನ ಕಣ ಕೂಲಿಯವನ ಹಾಗೇ ಗಟ್ಟಿ. ಅದನ್ನು ಕೆಡಿಸಲು ಬಿಸಿಲೊಂದೇ ಸಾಲದು, ಬಿಸಿಲಿನ ಜೊತೆಗೆ ಮನುಷ್ಯರೂ ಸೇರಬೇಕು.

ಹೇಗೆ ಸೇರುತ್ತಾರೆ ನೋಡಿ. ಬಿಸಿಲಲ್ಲಿ ದುಡಿಯುವ ಮೈ ತನ್ನನ್ನು ತಣ್ಣಗಿಟ್ಟುಕೊಳ್ಳಲು ಬೆವರುತ್ತದೆ. ಬೆವರು ಬರುವುದು ರಕ್ತದ ನೀರಿನಿಂದ. ಆ ನೀರನ್ನು ಕುಡಿದು ತುಂಬಿಕೊಳ್ಳದಿದ್ದರೆ ರಕ್ತ ಗಟ್ಟಿಯಾಗುತ್ತದೆ, ಅದರ ಉಪ್ಪು ಏರುತ್ತದೆ. ಹೊರಗೆ ಉಪ್ಪು ಹೆಚ್ಚಾದಾಗ ಕಣದ ಒಳಗಿನ ನೀರೂ ಆಚೆ ಹೋಗುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿದರೆ ನೀರು ಬಿಟ್ಟು ಸುಕ್ಕುವುದಿಲ್ಲವೇ, ಹಾಗೆ ಕಣ ಸುಕ್ಕುತ್ತದೆ, ಬಿರುಸಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. 1986ರಲ್ಲಿ ಇಂಗ್ಲೆಂಡಿನ ಕೀಟಿಂಜ್ ಮತ್ತು ಅವರ ಜೊತೆಗಾರರು ಆರೋಗ್ಯವಂತರನ್ನೇ 41 ಡಿಗ್ರಿಯ ಗಾಳಿಯಲ್ಲಿ ಆರು ಗಂಟೆ ಇರಿಸಿ ರಕ್ತ ಪರೀಕ್ಷೆ ಮಾಡಿದರು. ರಕ್ತದ ಮಂದತೆ ಸುಮಾರು ಕಾಲು ಭಾಗ ಏರಿತ್ತು. ಬಿಸಿಲ ದಿನಗಳಲ್ಲಿ ಹೃದಯ, ಮೆದುಳುಗಳ ರಕ್ತನಾಳ ಕಟ್ಟಿ ಸಾಯುವುದು ಯಾಕೆ ಹೆಚ್ಚು ಎನ್ನುವುದಕ್ಕೆ ಅವರು ಕೊಟ್ಟ ಉತ್ತರಗಳಲ್ಲಿ ಇದೊಂದು. ಇಲ್ಲಿ ಹೊರೆ ಹೊತ್ತಿರಲಿಲ್ಲ, ಕಲ್ಲು ಒಡೆದಿರಲಿಲ್ಲ. ಸುಮ್ಮನೆ ಇದ್ದವರ ರಕ್ತ ಹೀಗಾದರೆ, ಮಣ್ಣು ಹೊತ್ತು ಏಣಿ ಹತ್ತುವವಳ ರಕ್ತ ಏನಾಗಬೇಡ?

ಇದು ಎಲ್ಲರ ರಕ್ತದ ಕತೆ. ಕೆಲವರ ರಕ್ತದಲ್ಲಿ ಇನ್ನೊಂದು ಕತೆ ಸೇರಿಕೊಂಡಿದೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಕೆರಿಬಿಯನ್ ದ್ವೀಪವೊಂದರಿಂದ ಓದಲು ಬಂದಿದ್ದ ಕರಿಯ ಯುವಕನ ರಕ್ತದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕಣಗಳನ್ನು ಕಂಡದ್ದನ್ನು ಬರೆದ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಜೊತೆಗಾರರು ಇದು ಹಿಮೋಗ್ಲೋಬಿನ್ ಅಣುವಿನಲ್ಲೇ ಇರುವ ವ್ಯತ್ಯಾಸ ಎಂದು ತೋರಿಸಿದರು. ಆಮೇಲೆ 1956-57ರಲ್ಲಿ ವರ್ನನ್ ಇಂಗ್ರಾಮ್ ಆ ವ್ಯತ್ಯಾಸ ಎಷ್ಟು ಎಂದು ಪತ್ತೆ ಹಚ್ಚಿದ. ಉದ್ದನೆಯ ಪ್ರೋಟೀನಿನ ಸರದಲ್ಲಿ ಒಂದೇ ಒಂದು ಮಣಿ ಬದಲು. ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್. ಇಷ್ಟಕ್ಕೇ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕಡ್ಡಿಯಾಗುತ್ತದೆ, ಕಡ್ಡಿ ಒಳಗಿಂದ ನೂಕಿ ಬಿಲ್ಲೆಯನ್ನು ಕುಡುಗೋಲಾಗಿಸುತ್ತದೆ. ಕುಡುಗೋಲು ಸಪೂರ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಬಂದವು ಅದಕ್ಕೆ ತಗುಲಿ ದಾರಿ ಕಟ್ಟುತ್ತವೆ. ಮೂಳೆ, ಹೊಟ್ಟೆ, ಎದೆ ಎಲ್ಲೆಂದರಲ್ಲಿ ಕಿತ್ತು ತಿನ್ನುವ ನೋವು. 120 ದಿನ ಬಾಳುವ ಕಣ ಇಲ್ಲಿ 10-20 ದಿನಕ್ಕೇ ಮುಗಿಯುತ್ತದೆ.

ತಾಯಿ ತಂದೆ ಇಬ್ಬರ ಕಡೆಯಿಂದಲೂ ಈ ಗುಣ ಬಂದವರಿಗೆ ರೋಗ. ಒಬ್ಬರಿಂದ ಮಾತ್ರ ಬಂದವರು ಗುಣವನ್ನು ಹೊತ್ತವರು, ರೋಗಿಗಳಲ್ಲ. ಈ ಮಾತನ್ನು ಎರಡು ಸಲ ಓದಿ. ಹೊತ್ತವರ ಕಣದಲ್ಲಿ ಒಳ್ಳೆಯ ಹಿಮೋಗ್ಲೋಬಿನ್ನೇ ಅರ್ಧಕ್ಕಿಂತ ಹೆಚ್ಚು. ಅವರು ಎಲ್ಲರ ಹಾಗೆ ಹುಟ್ಟಿ, ದುಡಿದು, ಮುದುಕರಾಗುತ್ತಾರೆ. ಆದರೆ ಅವರ ಕಣವನ್ನೂ ಕುಡುಗೋಲು ಮಾಡಬಲ್ಲ ಒಂದು ಸ್ಥಿತಿ ಇದೆ. ಮೈ ನೀರು ಬತ್ತಬೇಕು, ಆಗ ಕಣ ಸುಕ್ಕಿ ಒಳಗಿನ ಹಿಮೋಗ್ಲೋಬಿನ್ ಒತ್ತೊತ್ತಾಗುತ್ತದೆ. ಒತ್ತು ಸ್ವಲ್ಪ ಏರಿದರೆ ಸಾಕು, ಕಡ್ಡಿ ಕಟ್ಟುವ ವೇಗ ಹಲವು ಪಟ್ಟು ಏರುತ್ತದೆ. ಬಿಡುವಿಲ್ಲದೆ ದುಡಿಸಬೇಕು, ಆಗ ಸ್ನಾಯುವಿನಲ್ಲಿ ಆಮ್ಲ ತುಂಬುತ್ತದೆ, ಕಾವು ಏರುತ್ತದೆ. ಕಾವು ಮತ್ತು ಆಮ್ಲ ಎರಡೂ ಹಿಮೋಗ್ಲೋಬಿನ್ನಿಂದ ಆಮ್ಲಜನಕವನ್ನು ಬೇಗ ಕಿತ್ತುಕೊಳ್ಳುತ್ತವೆ. ಇದರ ಮೇಲೆ ಇನ್ನೊಂದು: ಹೊತ್ತವರ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಬಾಯಾರಿದ್ದರೂ ಮೂತ್ರದಲ್ಲಿ ನೀರು ಹೋಗುತ್ತಲೇ ಇರುತ್ತದೆ. ಅವರಿಗೆ ಉಳಿದವರಿಗಿಂತ ನೀರು ಹೆಚ್ಚು ಬೇಕು. ಈ ಪಟ್ಟಿಯಲ್ಲಿ ಹುಟ್ಟಿನಿಂದ ಬಂದದ್ದು ಎಷ್ಟು, ದುಡಿಸುವವನಿಂದ ಬಂದದ್ದು ಎಷ್ಟು, ನೀವೇ ಲೆಕ್ಕ ಹಾಕಿ.

ಇನ್ನು ಈ ಗುಣ ‘ದೋಷ’ವೇ? 1954ರಲ್ಲಿ ಆಂತೊನಿ ಆಲಿಸನ್ ಆಫ್ರಿಕಾದಲ್ಲಿ ಕೆಲಸ ಮಾಡಿ ತೋರಿಸಿದ್ದು ಬೇರೆಯೇ. ಇದನ್ನು ಒಂದು ಪಾಲು ಹೊತ್ತ ಮಕ್ಕಳನ್ನು ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲಲಾರದು. ಆಫ್ರಿಕಾದಲ್ಲಿ, ಅರಬ್ ನಾಡಿನಲ್ಲಿ, ನಮ್ಮ ಕಾಡುಗಳಲ್ಲಿ ಸೊಳ್ಳೆಯ ಜೊತೆ ಬದುಕಿದ ಜನರಲ್ಲಿ ಇದು ಉಳಿದದ್ದು ಹಾಗಾಗಿ. ಆಸ್ಪತ್ರೆ ಇಲ್ಲದ, ಕ್ವಿನೈನ್ ಇಲ್ಲದ ಕಾಲದಲ್ಲಿ ಜನರ ಮಕ್ಕಳನ್ನು ಉಳಿಸಿದ ಆಯುಧ ಇದು. ಆಯುಧಕ್ಕೆ ತೆತ್ತ ಬೆಲೆಯೂ ದೊಡ್ಡದು, ಎರಡು ಪಾಲು ಬಂದ ಮಕ್ಕಳು ಆ ಬೆಲೆ. ಬೆಲೆ ತೆತ್ತವರನ್ನು ಕಳಪೆ ಎಂದು ಕರೆಯುವವರು ಕಳಪೆ.

ಈಗ ಅಮೆರಿಕದ ಒಂದು ಲೆಕ್ಕ ಹೇಳುತ್ತೇವೆ. ಅಲ್ಲಿಯ ಸೈನ್ಯ ಸತ್ತವರ ಲೆಕ್ಕವನ್ನು ಚೆನ್ನಾಗಿ ಇಟ್ಟಿದೆ, ಅದಕ್ಕೇ ಅಲ್ಲಿಂದ ತರುತ್ತಿದ್ದೇವೆ. 1968-69ರಲ್ಲಿ ಟೆಕ್ಸಾಸಿನ ಫೋರ್ಟ್ ಬ್ಲಿಸ್ ಎಂಬ ತರಬೇತಿ ಶಿಬಿರದಲ್ಲಿ ಸುಮಾರು 4,000 ಕರಿಯ ಹೊಸ ಸೈನಿಕರ ಪೈಕಿ ನಾಲ್ವರು ಕಸರತ್ತಿನ ವೇಳೆ ಕುಸಿದು ಸತ್ತರು. ನಾಲ್ವರೂ ಈ ಗುಣವನ್ನು ಹೊತ್ತವರು. ಅವರ ರಕ್ತನಾಳಗಳಲ್ಲಿ ಕುಡುಗೋಲು ಕಣಗಳಿದ್ದವು. 1970ರಲ್ಲಿ ಇದು ವೈದ್ಯ ಪತ್ರಿಕೆಯಲ್ಲಿ ಬಂತು. 1987ರಲ್ಲಿ ಕಾರ್ಕ್ ಮತ್ತು ಜೊತೆಗಾರರು ಸುಮಾರು 20 ಲಕ್ಷ ಸೈನಿಕರ ದಾಖಲೆ ತೆಗೆದು ನೋಡಿದರು. ತರಬೇತಿಯಲ್ಲಿ ಕಾರಣ ತಿಳಿಯದೆ ದಿಢೀರ್ ಸಾಯುವುದು, ಗುಣ ಹೊತ್ತ ಕರಿಯ ಹುಡುಗರಲ್ಲಿ ಹೊರದ ಕರಿಯ ಹುಡುಗರಿಗಿಂತ 28 ಪಟ್ಟು ಹೆಚ್ಚು.

28 ಪಟ್ಟು! ಗೂಬೆ ಕೂರಿಸುವವರಿಗೆ ಇದಕ್ಕಿಂತ ಹಬ್ಬ ಬೇಕೆ? ‘ನೋಡಿದಿರಾ, ರಕ್ತದಲ್ಲೇ ಇದೆ’ ಅಂದರು. ಫೋರ್ಟ್ ಬ್ಲಿಸ್‌ನ ಸುದ್ದಿ ಹಬ್ಬಿದ ಮೇಲೆ ವಾಯುಪಡೆಯ ಅಕಾಡೆಮಿ ಗುಣ ಹೊತ್ತವರಿಗೆ ಬಾಗಿಲು ಮುಚ್ಚಿತು. 1981ರಲ್ಲಿ ಜನ ನ್ಯಾಯಾಲಯಕ್ಕೆ ಹೋದ ಮೇಲೆಯೇ ಅದು ತೆರೆದದ್ದು. 1970ರ ದಶಕದಲ್ಲಿ ಹಲವು ರಾಜ್ಯಗಳು ಕರಿಯರಿಗೆ ಕಡ್ಡಾಯ ರಕ್ತ ಪರೀಕ್ಷೆಯ ಕಾನೂನು ತಂದವು. ಗುಣ ಹೊತ್ತವನಿಗೂ ರೋಗಿಗೂ ವ್ಯತ್ಯಾಸ ತಿಳಿಯದವರು ಬರೆದ ಕಾನೂನುಗಳು. ಕೆಲಸ ಹೋಯಿತು, ವಿಮೆ ಹೋಯಿತು. ಕಣದ ಆಕಾರ ನೋಡಿ ಮನುಷ್ಯನನ್ನು ಹೊರಗೆ ನಿಲ್ಲಿಸುವುದು. ಇದು ನಮಗೆ ಗೊತ್ತಿಲ್ಲದ ಆಟವೇ?

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಸೈನ್ಯದ ವೈದ್ಯರಲ್ಲೇ ಕೆಲವರು ಬೇರೆ ಪ್ರಶ್ನೆ ಕೇಳಿದರು: ಈ ಹುಡುಗರು ಎಂಥ ಹೊತ್ತಿನಲ್ಲಿ, ಎಷ್ಟು ಬಾಯಾರಿ, ಎಷ್ಟು ಬಿಡುವಿಲ್ಲದೆ ಓಡುತ್ತಿದ್ದಾಗ ಸತ್ತರು? 1950ರ ದಶಕದಲ್ಲೇ ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್ ಶಿಬಿರದಲ್ಲಿ ಬಿಸಿಲಾಘಾತ ತಡೆಯಲು ಒಂದು ಅಳತೆ ಕಂಡುಹಿಡಿದಿದ್ದರು. ಗಾಳಿಯ ಕಾವು, ತೇವ, ಬಿಸಿಲಿನ ಝಳ ಮೂರನ್ನೂ ಸೇರಿಸಿದ ಅಳತೆ. ಅಳತೆ ಏರಿದಂತೆ ಹಸಿರು, ಹಳದಿ, ಕೆಂಪು, ಕಪ್ಪು ಬಾವುಟ ಹಾರಿಸುತ್ತಾರೆ. ಕಪ್ಪು ಬಾವುಟ ಹಾರಿತೆಂದರೆ ಕಠಿಣ ಕಸರತ್ತು ನಿಲ್ಲಬೇಕು. ಗಂಟೆಗೆ ಇಷ್ಟು ಹೊತ್ತು ದುಡಿಮೆ, ಇಷ್ಟು ಹೊತ್ತು ನೆರಳು, ಇಷ್ಟು ನೀರು ಎಂಬ ಕೋಷ್ಟಕ. ಈ ನಿಯಮಗಳನ್ನು ಸೈನ್ಯ ಬಿಗಿ ಮಾಡುತ್ತ ಬಂತು. ಗಮನಿಸಿ, ನಿಯಮ ಎಲ್ಲರಿಗೂ. ನಿನ್ನ ರಕ್ತ ಯಾವುದು ಎಂದು ಯಾರನ್ನೂ ಕೇಳಿ ನೀರು ಕೊಡುವುದಲ್ಲ.

ಫಲ ಏನಾಯಿತು? 2011ರಿಂದ 2014ರವರೆಗೆ ಸೇವೆಯಲ್ಲಿದ್ದ, ರಕ್ತ ಪರೀಕ್ಷೆಯಾಗಿದ್ದ 47,944 ಕರಿಯ ಸೈನಿಕರ ದಾಖಲೆಯನ್ನು ನೆಲ್ಸನ್ ಮತ್ತು ಜೊತೆಗಾರರು ನೋಡಿ 2016ರಲ್ಲಿ ಪ್ರಕಟಿಸಿದರು. ಗುಣ ಹೊತ್ತವರು ಹೊರದವರಿಗಿಂತ ಹೆಚ್ಚು ಸತ್ತಿರಲಿಲ್ಲ. ಅತಿ ದುಡಿಮೆಯಿಂದ ಸ್ನಾಯು ಕರಗುವ ಅಪಾಯ ಮಾತ್ರ ಶೇಕಡ 54ರಷ್ಟು ಹೆಚ್ಚಿತ್ತು. ಅದನ್ನು ಮುಚ್ಚಿಡುವುದಿಲ್ಲ, ಎಚ್ಚರ ಬೇಕೇ ಬೇಕು. ಆದರೆ 28 ಪಟ್ಟು ಸಾವು ಎಲ್ಲಿಗೆ ಹೋಯಿತು? 30-40 ವರ್ಷದಲ್ಲಿ ಕರಿಯರ ರಕ್ತ ಬದಲಾಯಿತೇ? ಪೌಲಿಂಗ್ ಕಂಡ ಅದೇ ಹಿಮೋಗ್ಲೋಬಿನ್, ಇಂಗ್ರಾಮ್ ಕಂಡ ಅದೇ ಮಣಿ. ಬದಲಾದದ್ದು ದುಡಿಸುವ ರೀತಿ. ನೀರು ಬಂತು, ನೆರಳು ಬಂತು, ‘ಸಾಕು ನಿಲ್ಲಿಸು’ ಎನ್ನುವ ನಿಯಮ ಬಂತು. ಕಣಗಳು ಬಿಲ್ಲೆಯಾಗಿಯೇ ಉಳಿದವು. ಅಮೆರಿಕದ ರಕ್ತರೋಗ ತಜ್ಞರ ಸಂಘವೂ 2012ರಲ್ಲಿ ಇದನ್ನೇ ಹೇಳಿತು. ಆಟಗಾರರ ರಕ್ತ ಪರೀಕ್ಷೆ ಮಾಡಿ ಬೇರೆ ಮಾಡಬೇಡಿ, ಎಲ್ಲರಿಗೂ ಒಂದೇ ಮುನ್ನೆಚ್ಚರಿಕೆ ಕೊಡಿ ಎಂದಿತು.

ರಕ್ತದ ಮೇಲೆ ಹೊರಿಸಿದ ಸುಳ್ಳು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2006ರ ಜನವರಿ, ಫ್ಲಾರಿಡಾದ ಪನಾಮಾ ಸಿಟಿ. ತಪ್ಪು ಮಾಡಿದ ಹುಡುಗರನ್ನು ತಿದ್ದುವ ಶಿಬಿರ. ಮಾರ್ಟಿನ್ ಲೀ ಆಂಡರ್ಸನ್ ಎಂಬ 14 ವರ್ಷದ ಕರಿಯ ಹುಡುಗ ಓಡಲಾರದೆ ನಿಂತ. ಕಾವಲುಗಾರರು ಅವನನ್ನು ನೆಲಕ್ಕೆ ಕೆಡವಿ ಹೊಡೆದರು, ಬಾಯಿ ಮುಚ್ಚಿ ಮೂಗಿಗೆ ಅಮೋನಿಯಾ ಹಿಡಿದರು. ಎಲ್ಲವೂ ವಿಡಿಯೋದಲ್ಲಿದೆ. ಮರುದಿನ ಹುಡುಗ ಸತ್ತ. ಮೊದಲು ಶವಪರೀಕ್ಷೆ ಮಾಡಿದ ವೈದ್ಯ ಬರೆದದ್ದು: ಸಹಜ ಸಾವು, ಕುಡುಗೋಲು ಕಣದ ಗುಣವೇ ಕಾರಣ! ಜನ ಬೀದಿಗಿಳಿದರು. ಎರಡನೇ ಶವಪರೀಕ್ಷೆ ಆಯಿತು. ಕಾವಲುಗಾರರು ಉಸಿರು ಕಟ್ಟಿಸಿದ್ದೇ ಕಾರಣ ಎಂದು ಬಂತು. 2007ರಲ್ಲಿ ಕೋರ್ಟು ಅವರನ್ನು ಬಿಟ್ಟಿತು, ಅದು ಬೇರೆ ಮಾತು. ಅಂದು ಜನವರಿಯ ಚಳಿ, ಬಿಸಿಲಿನ ನೆಪವೂ ಇರಲಿಲ್ಲ. ಆದರೂ ಕೈಯ ಕೊಲೆಯನ್ನು ಕಣದ ಮೇಲೆ ಹಾಕಿದರು. 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹುಡುಕಿ ನೋಡಿದಾಗ, ಪೊಲೀಸರ ವಶದಲ್ಲಿದ್ದ ಕರಿಯರ ಸಾವಿಗೆ ಹೀಗೆ ಕುಡುಗೋಲು ಕಣದ ಹೆಸರು ಹೇಳಿದ್ದು ಹಿಂದಿನ 25 ವರ್ಷಗಳಲ್ಲಿ 40ಕ್ಕೂ ಹೆಚ್ಚು ಸಲ.

ಇದಕ್ಕೆ ಎದುರು ನಿಂತವರೂ ಅಲ್ಲಿಯವರೇ. ಸರ್ಕಾರ ಕಣ್ಣು ಬಿಡುವ ಮುಂಚೆ, 1971ರಲ್ಲಿ, ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹುಡುಗ ಹುಡುಗಿಯರು ಬೀದಿ ಬೀದಿಯಲ್ಲಿ ಪುಕ್ಕಟೆ ರಕ್ತ ಪರೀಕ್ಷೆ ಶುರು ಮಾಡಿದರು. ತಮ್ಮ ಜನರ ನೋವನ್ನು ಯಾವ ಆಸ್ಪತ್ರೆಯೂ ಲೆಕ್ಕಕ್ಕೆ ಇಟ್ಟಿಲ್ಲ ಎಂದು ತಮ್ಮ ಪತ್ರಿಕೆಯಲ್ಲಿ ಕೂಗಿ ಹೇಳಿದರು. ಮರುವರ್ಷ, 1972ರಲ್ಲಿ, ಅಮೆರಿಕ ಸರ್ಕಾರ ಈ ರೋಗಕ್ಕೆಂದೇ ಕಾನೂನು ಮಾಡಬೇಕಾಯಿತು. ಅದೇ 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ. ವಿ. ಪವಾರ್ ಮೊದಲಾದವರು ಪ್ಯಾಂಥರ್ ಹೆಸರನ್ನೇ ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಹೆಸರು ಸಮುದ್ರ ದಾಟಿ ಬಂತು. ಆದರೆ ರಕ್ತದ ಆ ಪ್ರಶ್ನೆ ಅದಕ್ಕೂ ಮುಂಚೆಯೇ ಇಲ್ಲಿತ್ತು. ವಿದರ್ಭದ ಮಹಾರ್ ಕೇರಿಗಳಲ್ಲಿ, ಗಡಚಿರೋಲಿಯ ಮಾಡಿಯಾ ಗೊಂಡರ ಹಾಡಿಗಳಲ್ಲಿ ಇದೇ ಕುಡುಗೋಲು ಕಣ ಇದೆ. ನಾಗಪುರದ ವೈದ್ಯರು 1950ರ ದಶಕದಲ್ಲೇ ಅದನ್ನು ಬರೆದಿಟ್ಟಿದ್ದಾರೆ.

ಮುಂಚೆಯೂ ಇತ್ತು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ನೀಲಗಿರಿಯ ಆದಿವಾಸಿಗಳಲ್ಲಿ ಈ ಗುಣವನ್ನು ಕಂಡು ಬರೆದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟಗಳಲ್ಲಿ ದುಡಿಯಲು ಹೋದ ಕೂಲಿಗಳಲ್ಲೂ ಕಂಡಿತು. ನೀಲಗಿರಿಯ ಈಚೆ ಬದಿ ನಮ್ಮದೇ ನಾಡು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಹೆಗ್ಗಡದೇವನಕೋಟೆಯ ಜೇನುಕುರುಬರಲ್ಲಿ, ಕೊಡಗಿನ ಯರವರಲ್ಲಿ ಈ ಗುಣ ಇದೆ. ಇವರು ಯಾರು? ಕಬಿನಿ ಅಣೆಕಟ್ಟು ಬಂದಾಗ, ಹುಲಿಗೆ ಕಾಡು ಬೇಕಾದಾಗ, ಮರದ ನೆರಳಿನಿಂದ ಎಬ್ಬಿಸಿ ಬಯಲಿಗೆ ಬಿಸಾಕಿಸಿಕೊಂಡವರು. ಇವತ್ತು ಜೀಪಿನಲ್ಲಿ ತುಂಬಿಕೊಂಡು ಹೋಗಿ ಪರರ ಶುಂಠಿ ಹೊಲದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಮಣ್ಣು ಏರಿಸುವವರು. ಕಾಡಿನಲ್ಲಿ ಮಲೇರಿಯಾದಿಂದ ಕಾಪಾಡಿದ ಕಣವೇ, ನೆರಳಿಲ್ಲದ ನೀರಿಲ್ಲದ ಹೊಲದಲ್ಲಿ ಅವರಿಗೆ ತಿರುಗಿ ಬೀಳುತ್ತದೆ. ಕಣ ಬದಲಾಗಲಿಲ್ಲ, ನೆಲ ಕಿತ್ತುಕೊಂಡರು.

2023ರ ಜುಲೈ 1ರಂದು ಪ್ರಧಾನಿಗಳು ಮಧ್ಯಪ್ರದೇಶದ ಶಹಡೋಲಿನಲ್ಲಿ ಕುಡುಗೋಲು ಕಣ ರೋಗದ ನಿರ್ಮೂಲನಾ ಅಭಿಯಾನ ಶುರು ಮಾಡಿದರು. 40 ವರ್ಷದ ಒಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ಕ್ಕೆ ರೋಗ ಇಲ್ಲ ಎಂಬ ಗುರಿ. 17 ರಾಜ್ಯಗಳಲ್ಲಿ ನಮ್ಮದೂ ಒಂದು. ಪರೀಕ್ಷೆ ಬೇಡ ಅನ್ನುವುದಿಲ್ಲ. ಬೇಕು. ಹುಟ್ಟಿದ ಕೂಸಿನ ರಕ್ತ ನೋಡಬೇಕು, ರೋಗ ಇದ್ದರೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಪುಕ್ಕಟೆ ಸಿಗಬೇಕು, ನೋವು ಬಂದ ರಾತ್ರಿ ಹತ್ತಿರದ ಆಸ್ಪತ್ರೆಯ ಬಾಗಿಲು ತೆರೆದಿರಬೇಕು. ಆದರೆ ಪರೀಕ್ಷೆಯಾದವರ ಕೈಗೆ ಒಂದು ಕಾರ್ಡು ಕೊಡುತ್ತಾರೆ. ಇಬ್ಬರು ಹೊತ್ತವರು ಮದುವೆಯಾದರೆ ನಾಲ್ಕರಲ್ಲಿ ಒಂದು ಕೂಸಿಗೆ ರೋಗ ಬರುವ ಸಂಭವ ಇದೆ ಎಂದು ತಿಳಿಸುವ ಕಾರ್ಡು. ತಿಳಿಸಲಿ. ನಾವು ಕೇಳುವುದು ಇಷ್ಟು: ಆ ಕಾರ್ಡು ಹಿಡಿದವನಿಗೆ ಹೊಲದ ಒಡೆಯ ಒಂದು ತಂಬಿಗೆ ನೀರು ಹೆಚ್ಚು ಕೊಡುತ್ತಾನೆಯೇ? ಅಥವಾ ‘ನಿನ್ನ ರಕ್ತ ಸರಿ ಇಲ್ಲ, ನಾಳೆಯಿಂದ ಬರಬೇಡ’ ಅಂತಾನೆಯೇ? ಅಮೆರಿಕದ ವಾಯುಪಡೆ ಮಾಡಿದ್ದನ್ನು ನಮ್ಮ ಮೇಸ್ತ್ರಿ ಮಾಡುವುದಿಲ್ಲ ಅಂತ ಯಾರು ಹೊಣೆ? ನೀರಿಲ್ಲದ ಕಾರ್ಡು ಇನ್ನೊಂದು ಜಾತಿ ಪತ್ರವಾಗುತ್ತದೆ.

‘ಬಿಸಿಲು ದೇವರು ಕೊಟ್ಟದ್ದು, ನಾವೇನು ಮಾಡೋಣ’ ಎನ್ನುವವರಿಗೆ ಒಂದು ಮಾತು. ಬಿಸಿಲಿಗೆ ಏನು ಮಾಡಬೇಕೆಂದು ನಮ್ಮ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಆದೇಶವಾಯಿತು. ಹಿಂದಿನ ಬೇಸಿಗೆಗಳಲ್ಲೂ ಹೀಗೇ ಆಗಿತ್ತು. ಸರಿಯಾದ ಆದೇಶ. ಗುಮಾಸ್ತನ ರಕ್ತವೂ ರಕ್ತವೇ. ಫ್ಯಾನಿನ ಕೆಳಗೆ ಕಾಗದ ಬರೆಯುವವನು ಒಂದೂವರೆಗೆ ಮನೆಗೆ ಹೋಗಬೇಕಾದಷ್ಟು ಬಿಸಿಲು ಅದು ಎಂದು ಸರ್ಕಾರವೇ ಬರೆದುಕೊಟ್ಟ ಮೇಲೆ, ಅದೇ ಒಂದೂವರೆಗೆ ಶಹಾಬಾದಿನ ಪರ್ಸಿ ಕಲ್ಲಿನ ಗಣಿಯಲ್ಲಿ ಸುತ್ತಿಗೆ ಎತ್ತುವವನ ಕಣದ ಆಕಾರ ಏನಾಗಿರುತ್ತದೆ? ಅವನ ಗಡಿಯಾರಕ್ಕೆ ಯಾಕೆ ಆದೇಶವಿಲ್ಲ?

ಕಾನೂನಿನ ಮಾತನ್ನೂ ಆಡಿಬಿಡೋಣ. 1948ರ ಕಾರ್ಖಾನೆ ಕಾಯ್ದೆಯ 18ನೇ ಕಲಮು ಕುಡಿಯುವ ನೀರಿನದು. 250ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಬೇಸಿಗೆಯಲ್ಲಿ ನೀರನ್ನು ತಣ್ಣಗೆ ಮಾಡಿ ಕೊಡಬೇಕೆಂದು ಅದರಲ್ಲಿ ಬರೆದಿದ್ದರು. ಬಾಯಾರಿಕೆಗೂ ತಲೆ ಎಣಿಕೆ! 250 ಜನ ಇದ್ದರೆ ತಣ್ಣೀರು, 200 ಜನ ಇದ್ದರೆ ಬಿಸಿನೀರು. ಕಣಕ್ಕೆ ಈ ಲೆಕ್ಕ ತಿಳಿಯುವುದಿಲ್ಲ ಸ್ವಾಮಿ. ಇಟ್ಟಿಗೆ ಗೂಡಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೂ ಅದು ಸುಕ್ಕುತ್ತದೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ 20 ಜನ ಇದ್ದರೂ ಸುಕ್ಕುತ್ತದೆ. ಮೇಲೆ ಸೂರ್ಯ, ಕೆಳಗೆ ಕುದಿಯುವ ಡಾಂಬರು, ನಡುವೆ ರಸ್ತೆ ಮಾಡುವವಳು. ಅವಳನ್ನು ಯಾವ ಎಣಿಕೆಯಲ್ಲಿ ಸೇರಿಸಿದ್ದೀರಿ?

ಇನ್ನೊಂದು ಮಾತು ಓದಿದವರ ಬಾಯಲ್ಲೂ ಬರುತ್ತದೆ: ‘ಅವರು ಬಿಸಿಲಿಗೆ ಒಗ್ಗಿದವರು, ಅವರಿಗೇನೂ ಆಗೋದಿಲ್ಲ.’ ಇದು ಅಜ್ಞಾನವೋ ಹಲ್ಕಟ್ಟುತನವೋ ಹೇಳುವುದು ಕಷ್ಟ. ಮೈ ಬಿಸಿಲಿಗೆ ಒಗ್ಗುವುದು ನಿಜ. ಒಂದೆರಡು ವಾರ ಬೇಕು. ಒಗ್ಗಿದ ಮೈ ಮಾಡುವುದೇನು? ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ. ಹೆಚ್ಚು ಬೆವರಿದವನಿಗೆ ಹೆಚ್ಚು ನೀರು ಬೇಕು. ಒಗ್ಗಿದವನಿಗೆ ನೀರು ಕಡಿಮೆ ಸಾಕು ಎನ್ನುವವನು ವಿಜ್ಞಾನವನ್ನು ತಲೆಕೆಳಗು ಮಾಡಿದ್ದಾನೆ. ಊರಿಗೆ ಹೋಗಿ ಒಂದು ತಿಂಗಳು ಇದ್ದು ಬಂದರೆ ಆ ಒಗ್ಗುವಿಕೆಯೂ ಹೋಗುತ್ತದೆ. ಮತ್ತೆ ಮೊದಲಿನಿಂದ ಒಗ್ಗಬೇಕು. ಆದರೆ ಗುಳೆ ಹೋದ ಮೊದಲ ದಿನವೇ ಮುಂಗಡದ ಲೆಕ್ಕ ಹೇಳಿ ಪೂರ್ತಿ ದುಡಿಮೆ ತೆಗೆಯುತ್ತಾರೆ.

ಹೆಂಗಸರದು ಇನ್ನೊಂದು ಪಾಡು. ನೀರಿದ್ದರೂ ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಮರೆ ಇಲ್ಲ. ಮೇಸ್ತ್ರಿಯ ಕಣ್ಣು ತಪ್ಪಿಸಿ ಎಲ್ಲಿಗೆ ಹೋಗಬೇಕು? ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟಲು ಒಣಗಿಸಿಕೊಂಡೇ ದುಡಿಯುತ್ತಾರೆ. ನಾಲ್ಕು ತಗಡಿನ ಮರೆ ಕಟ್ಟದ ಜಿಪುಣತನ ಅವರ ನೆತ್ತರನ್ನು ಗಟ್ಟಿ ಮಾಡುತ್ತಿದೆ. ಆಮೇಲೆ ಆಸ್ಪತ್ರೆಯಲ್ಲಿ ಕೇಳುತ್ತಾರೆ, ‘ಏನಮ್ಮ, ನೀರು ಕುಡಿಯೋದಿಲ್ವ ನೀನು?’

ಗೆಳೆಯರೆ, ನೀರಿನ ಹೋರಾಟ ನಮಗೆ ಹೊಸದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಎತ್ತಿ ಕುಡಿದರು. ಅಂದು ಕೇಳಿದ್ದು ಮನುಷ್ಯನ ಘನತೆ. ಆ ಬೊಗಸೆ ನೀರು ಕೆಂಪು ಕಣದ ಒಳಗಿನ ತನಕ ಹೋಗುತ್ತದೆ ಎಂದು ಇವತ್ತು ವಿಜ್ಞಾನ ಹೇಳುತ್ತಿದೆ. ಕೆರೆ ಮುಟ್ಟಬೇಡ ಎಂದವರ ಮೊಮ್ಮಕ್ಕಳು ಇವತ್ತು ಕೆಲಸದ ಜಾಗದಲ್ಲಿ ಡ್ರಮ್ಮು ಇಡದೆ, ಬಿಡುವು ಕೊಡದೆ ಅದೇ ಕೆಲಸ ಮಾಡುತ್ತಿದ್ದಾರೆ. ಅಂದು ಬಾಯಾರಿಕೆಗೆ ಶಾಸ್ತ್ರ ಕಾರಣ, ಇಂದು ಬಾಯಾರಿಕೆಗೆ ಟೆಂಡರು ಕಾರಣ.

ಆದ್ದರಿಂದ ನಾವು ಕೇಳುವುದು ಕರುಣೆಯನ್ನಲ್ಲ. ಕಾವಿನ ಅಳತೆ ಕೆಲಸದ ಜಾಗದಲ್ಲಿ ಇರಲಿ, ಅಳತೆ ಮೀರಿದಾಗ ಕೆಲಸ ನಿಲ್ಲಲಿ, ನಿಂತ ಹೊತ್ತಿಗೆ ಕೂಲಿ ಮುರಿಯಬಾರದು. ನೀರು ಕೈಗೆಟಕುವಷ್ಟು ಹತ್ತಿರ ಇರಲಿ, ನೆರಳು ಇರಲಿ, ಹೆಂಗಸರಿಗೆ ಮರೆ ಇರಲಿ. ಹೊಸದಾಗಿ ಬಂದವರಿಗೆ ಮೊದಲ ವಾರ ಅರ್ಧ ದುಡಿಮೆ ಇರಲಿ. ಇವೆಲ್ಲ ಎಲ್ಲರಿಗೂ ಇರಲಿ, ರಕ್ತದ ಕಾರ್ಡು ನೋಡಿ ಅಲ್ಲ. ಬಿಸಿಲಲ್ಲಿ ಒಬ್ಬರು ಬಿದ್ದರೆ ಪಂಚನಾಮೆಯಲ್ಲಿ ಮೂರು ಪ್ರಶ್ನೆ ಮೊದಲು ಬರೆಯಲಿ: ಅಂದಿನ ಕಾವು ಎಷ್ಟಿತ್ತು, ನೀರು ಎಲ್ಲಿತ್ತು, ಬಿಡುವು ಎಷ್ಟು ಕೊಟ್ಟಿದ್ದರು? ಈ ಮೂರಕ್ಕೆ ಉತ್ತರ ಬರೆದ ಮೇಲೆ ಬೇಕಾದರೆ ಸತ್ತವನ ನೆತ್ತರನ್ನು ಲ್ಯಾಬಿಗೆ ಕಳಿಸಿ. ಆ ಮೂರು ಉತ್ತರ ಬರೆಯದೆ ‘ಒಳಗೇ ಏನೋ ಇತ್ತು’ ಎಂದು ಇನ್ನು ಮುಂದೆ ಯಾರೇ ಹೇಳಲಿ, ಅವರ ಎದುರು ನಿಂತು ಕೇಳಬೇಕು. ಕೇರಿಯಲ್ಲಿ ಕೇಳಬೇಕು, ಹಾಡಿಯಲ್ಲಿ ಕೇಳಬೇಕು, ಗಣಿಯ ಬಾಯಲ್ಲಿ ನಿಂತು ಕೇಳಬೇಕು. ಬಿಲ್ಲೆಯನ್ನು ಕುಡುಗೋಲು ಮಾಡಿದವರು ಯಾರು ಎಂದು ಹೆಸರು ಹಿಡಿದು ಕೇಳಬೇಕು.